ಹಾಲಿಡೇ, ರಜೆ, ಹಬ್ಬ

ಚಿಂತಾಮಣಿ, ಗೌರಿಬಿದನೂರಿನ ಎಷ್ಟೋ ಮನೆಗಳಲ್ಲಿ ಹಬ್ಬಕ್ಕೆ ಎರಡು ಹೆಸರು: ಕನ್ನಡದ ‘ಹಬ್ಬ’, ತೆಲುಗಿನ ‘ಪಂಡುಗ’. ಶಾಲೆ ಅದಕ್ಕೆ ‘ಹಾಲಿಡೇ’ ಸೇರಿಸಿತು. ಹಳೆಯ ಇಂಗ್ಲಿಷಿನಲ್ಲಿ ಅದು ಪವಿತ್ರ ದಿನ. ಈಗ ಪಾವಿತ್ರ್ಯ ಸವೆದು ಬಿಡುವಷ್ಟೇ ಉಳಿದಿದೆ. ನಮ್ಮ ‘ರಜೆ’ ಅರಬ್ಬಿಯ ‘ರಜಾ’, ಅಂದರೆ ಸಮ್ಮತಿ. ಮೇಲಿನವರು ಒಪ್ಪಿದರೆ ಮಾತ್ರ! ‘ಹಬ್ಬ’ ಸಂಸ್ಕೃತದ ‘ಪರ್ವ’, ಪಬ್ಬವಾಗಿ ಹಬ್ಬವಾಯಿತು. ಪರ್ವವೆಂದರೆ ಕಬ್ಬಿನ ಗೆಣ್ಣೂ ಹೌದು, ಹುಣ್ಣಿಮೆ-ಅಮಾವಾಸ್ಯೆಗಳ ಸಂಧಿಯೂ ಹೌದು. ಸಂಕ್ರಾಂತಿಯ ಕಬ್ಬು ಹಿಡಿದೇ ಇದನ್ನು ಮಕ್ಕಳಿಗೆ ಹೇಳಬಹುದು.

ಇಂಗ್ಲಿಷಿನಲ್ಲಿ ಹಬ್ಬ ಬೇರೆ, ರಜೆ ಬೇರೆ. ಶಿವರಾತ್ರಿಗೆ ನಂದಿಯಲ್ಲಿ ಭೋಗನಂದೀಶ್ವರನ ತೇರು ಕಂಡ ಮಗು ನೋಡಿದ್ದು ‘ಫೆಸ್ಟಿವಲ್’. ಶಾಲೆ ಮುಚ್ಚಿದ್ದು ‘ಹಾಲಿಡೇ’. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಟ್ಟಿದ ಸೆಪ್ಟೆಂಬರ್ 15 ಎಂಜಿನಿಯರುಗಳ ದಿನ. ಆದರೆ ರಜೆಯಿಲ್ಲ, ಅದು ಬರೀ ‘ಡೇ’.