ಬೀದರ್: ಅಂದು ಗುರಿ, ಇಂದು ಗುರುಮನೆ

ಕೋಡ್ಲಾದ ತೊಗರಿ ಹೊಲದಲ್ಲಿ ಕೆಲಸ ಮಾಡುವವರು ಆಕಾಶದಲ್ಲಿ ಜೆಟ್ ವಿಮಾನದ ಸದ್ದಾದರೆ ಒಮ್ಮೆ ತಲೆಯೆತ್ತಿ ನೋಡಿ, ‘ಬೀದರದ್ದು’ ಎಂದು ಮತ್ತೆ ಕೆಲಸಕ್ಕೆ ಬಾಗುತ್ತಾರೆ. ಸದ್ದು ಬಂದ ದಿಕ್ಕಿಗೆ ನೋಡಿದರೆ ವಿಮಾನ ಅಲ್ಲಿರುವುದಿಲ್ಲ. ಅದಾಗಲೇ ಮುಂದೆ ಸಾಗಿರುತ್ತದೆ. ಸೇಡಂ, ಚಿಂಚೋಳಿ ಕಡೆಯವರಿಗೆ ವಾಯುಪಡೆಯ ಪರಿಚಯ ಹೆಚ್ಚಾಗಿ ಇಷ್ಟೇ. ಆದರೆ ಆ ಸದ್ದಿನ ಹಿಂದೆ ನೂರು ವರ್ಷ ಮೀರಿದ ಕಥೆಯಿದೆ. ಭಾರತೀಯ ವಾಯುಪಡೆ ಹುಟ್ಟುವ ಮೊದಲೇ ಈ ಸೀಮೆಯ ಹಣ ಯುದ್ಧವಿಮಾನವಾಗಿ ಹಾರಿತ್ತು ಎಂದರೆ ನಂಬುತ್ತೀರಾ?

ಅದು ಮೊದಲ ಮಹಾಯುದ್ಧದ ಕಾಲ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಎಲ್ಲವೂ ನಿಜಾಮರ ರಾಜ್ಯಕ್ಕೆ ಸೇರಿದ್ದವು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟಿಷರ ಯುದ್ಧಖರ್ಚಿಗೆ ಧಾರಾಳವಾಗಿ ಹಣ ಕೊಟ್ಟರು. ಆ ಹಣದಿಂದ ಬಂದ ‘ಡಿಎಚ್-9ಎ’ ಎಂಬ ಬಾಂಬರ್ ವಿಮಾನಗಳು 1918ರಲ್ಲಿ ಬ್ರಿಟಿಷ್ ವಾಯುಪಡೆಯ 110ನೇ ಸ್ಕ್ವಾಡ್ರನ್ ಸೇರಿ, ಫ್ರಾನ್ಸಿನಿಂದ ಹಾರಿ ಜರ್ಮನಿಯ ಮೇಲೆ ಬಾಂಬು ಹಾಕಿದವು. ವಿಮಾನಗಳ ಮೇಲೆ ಇದು ನಿಜಾಮರ ಕೊಡುಗೆ ಎಂದು ಬರೆಯಲಾಗಿತ್ತು. ಆ ಸ್ಕ್ವಾಡ್ರನ್ನಿಗೆ ‘ಹೈದರಾಬಾದ್’ ಎಂಬ ಹೆಸರೇ ಅಂಟಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ 152 ಮತ್ತು 253ನೇ ಸ್ಕ್ವಾಡ್ರನ್ನುಗಳಿಗೂ ಅದೇ ಹೆಸರು ಬಂತು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನ್ ವಿಮಾನಗಳೊಂದಿಗೆ ಸೆಣಸಿದವರಲ್ಲಿ ಈ ಎರಡೂ ಪಡೆಗಳಿದ್ದವು. 152ನೆಯದರ ಲಾಂಛನದಲ್ಲಿದ್ದದ್ದು ನಿಜಾಮರ ಶಿರಸ್ತ್ರಾಣ! ನಿಜಾಮರ ಖಜಾನೆ ತುಂಬಿದ್ದು ರೈತರ ಕಂದಾಯದಿಂದ. ಇಂಗ್ಲೆಂಡಿನ ಮೇಲೆ ಹಾರುವ ವಿಮಾನದಲ್ಲಿ ನಿನ್ನ ಪಾಲೂ ಇದೆ ಎಂದು ಇಲ್ಲಿನ ಜೋಳ ಬೆಳೆಯುವವನಿಗೆ ಯಾರು ತಾನೆ ಹೇಳಿಯಾರು?

ನಮ್ಮದೇ ವಾಯುಪಡೆ ಅಧಿಕೃತವಾಗಿ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಮರುವರ್ಷ ಏಪ್ರಿಲ್ 1ರಂದು ಕರಾಚಿಯಲ್ಲಿ ಮೊದಲ ಸ್ಕ್ವಾಡ್ರನ್ ಶುರುವಾದಾಗ ಅದರ ಬಳಿ ಇದ್ದದ್ದು ನಾಲ್ಕೇ ನಾಲ್ಕು ವಾಪಿಟಿ ವಿಮಾನ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು. ಇಂದಿನ ಎಚ್‌ಎಎಲ್ ಅದೇ.

ಇನ್ನು ಬೀದರಿಗೆ ಬರೋಣ.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಲು ಒಪ್ಪದೆ ಕುಳಿತಿತ್ತು. ಸುತ್ತಲೂ ಭಾರತದ ನೆಲ, ಸಮುದ್ರದ ದಾರಿಯಿಲ್ಲ. ಹೊರಗಿನಿಂದ ಏನೇ ಬರಬೇಕಾದರೂ ಆಕಾಶದಿಂದಲೇ ಬರಬೇಕು. ಆಗ ಕಾಣಿಸಿಕೊಂಡವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ. ಎರಡನೆಯ ಮಹಾಯುದ್ಧದಲ್ಲಿ ಆಕಾಶದಿಂದ ಶತ್ರುನೆಲದ ಛಾಯಾಚಿತ್ರ ತೆಗೆಯುವ ಕಲೆಯಲ್ಲಿ ಹೆಸರು ಮಾಡಿದ್ದವನು. ಈತ ಲ್ಯಾಂಕಾಸ್ಟ್ರಿಯನ್ ಎಂಬ ದೊಡ್ಡ ವಿಮಾನಗಳಲ್ಲಿ ಕರಾಚಿಯಿಂದ ರಾತ್ರಿ ಹೊತ್ತು ಹಾರಿ ಬಂದು ಸಂಸ್ಥಾನದಲ್ಲಿ ಬಂದೂಕು, ಮದ್ದುಗುಂಡು ಇಳಿಸಿ ಹೋಗುತ್ತಿದ್ದ. ಬೀದರ್ ಮತ್ತು ವರಂಗಲ್ ವಿಮಾನ ನಿಲ್ದಾಣಗಳ ಹೆಸರು ಈ ಕಳ್ಳಸಾಗಣೆಯ ಜೊತೆಗೇ ಇತಿಹಾಸದಲ್ಲಿ ಸೇರಿವೆ.

ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಆರಂಭವಾಯಿತು. ಹೆಸರು ಪೊಲೀಸರದ್ದು, ಕೆಲಸ ಸೇನೆಯದ್ದು. ನೆಲದ ಮೇಲೆ ಸೇನೆ ಮುನ್ನುಗ್ಗುತ್ತಿದ್ದರೆ, ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಬೀದರ್ ಮತ್ತು ವರಂಗಲ್ ನಿಲ್ದಾಣಗಳ ಮೇಲೆ ಬಾಂಬು ಹಾಕಿದವು. ನಿಜಾಮರ ಬಳಿ ಹೇಳಿಕೊಳ್ಳುವಂಥ ವಾಯುಪಡೆ ಇರಲಿಲ್ಲ. ಹಾಗಾದರೆ ಓಡುದಾರಿಯ ಮೇಲೇಕೆ ಬಾಂಬು? ಕಾಟನ್‌ನ ವಿಮಾನ ಇಳಿಯಬಾರದು ಎಂಬುದಕ್ಕೆ. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ರಜಾಕಾರರ ಹಾವಳಿ, ಕಾರ್ಯಾಚರಣೆಯ ನಂತರದ ಹಿಂಸೆ – ಇವೆಲ್ಲ ಇನ್ನೊಂದು ಲೇಖನಕ್ಕಾಗುವಷ್ಟು ದೊಡ್ಡ ನೋವು. ಇಲ್ಲಿ ನಮಗೆ ಬೇಕಾದದ್ದು ಆ ಓಡುದಾರಿಯ ಮಾತು.

ಏಕೆಂದರೆ ವಾಯುಪಡೆಗಳ ಸಮರತತ್ತ್ವದ ಮೊದಲ ಪಾಠ ಅಲ್ಲಿಯೇ ಇದೆ. ‘ಡಾಕ್ಟ್ರಿನ್’ ಎಂದು ಸೇನೆಯವರು ಕರೆಯುವುದನ್ನು ಸರಳವಾಗಿ ಹೇಳುವುದಾದರೆ, ಯುದ್ಧದಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನ. ಮೊದಲು ಆಕಾಶ ನಮ್ಮದಾಗಬೇಕು, ಆಮೇಲೆ ಉಳಿದದ್ದು. ಆಕಾಶ ನಮ್ಮದಾಗಲು ಹಾರುತ್ತಿರುವ ವಿಮಾನವನ್ನು ಹುಡುಕಿಕೊಂಡು ಹೋಗುವುದಕ್ಕಿಂತ, ಅದು ಏಳುವ ಮತ್ತು ಇಳಿಯುವ ಜಾಗವನ್ನು ಕೆಡಿಸುವುದು ಸುಲಭ. ಬೀದರಿನಲ್ಲಿ ನಡೆದದ್ದು ಇದರ ಸಣ್ಣ ರೂಪ. 1971ರ ಡಿಸೆಂಬರಿನಲ್ಲಿ ಢಾಕಾದ ತೇಜಗಾಂವ್ ನಿಲ್ದಾಣದಲ್ಲಿ ನಡೆದದ್ದು ದೊಡ್ಡ ರೂಪ. ಮಿಗ್-21 ವಿಮಾನಗಳು ಅಲ್ಲಿನ ಓಡುದಾರಿಯಲ್ಲಿ ಹೊಂಡ ತೋಡಿದ ಮೇಲೆ ಪಾಕಿಸ್ತಾನದ ಸೇಬರ್ ವಿಮಾನಗಳು ಮೇಲೇಳಲಿಲ್ಲ. ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ ಪೂರ್ವದ ಆಕಾಶ ಭಾರತದ್ದಾಯಿತು. ಇದಕ್ಕೆ ತೀರಾ ವಿರುದ್ಧವಾದ ಉದಾಹರಣೆ 1962. ಚೀನಾ ಯುದ್ಧದಲ್ಲಿ ಸಾಗಣೆ ವಿಮಾನ, ಹೆಲಿಕಾಪ್ಟರುಗಳು ಹಗಲಿರುಳು ದುಡಿದವು, ಯುದ್ಧವಿಮಾನಗಳನ್ನು ದಾಳಿಗೆ ಬಳಸಲೇ ಇಲ್ಲ. ಆ ತೀರ್ಮಾನ ಸರಿಯೇ ಎಂಬ ವಾದ ಇನ್ನೂ ಮುಗಿದಿಲ್ಲ.

1965ರ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಸೆಪ್ಟೆಂಬರ್ 7ರ ಬೆಳಗಿನ ಜಾವ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ಮಿಸ್ಟೇರ್ ವಿಮಾನಗಳು ದಾಳಿಗೆ ಹೊರಟವು. ಯಾರಾದರೂ ಹಿಂದೆ ಸರಿದರೆ ಮಾತ್ರ ಹೋಗಬೇಕಾಗಿದ್ದ ಮೀಸಲು ಪೈಲಟ್ಟುಗಳಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಒಬ್ಬರು. ಅವರೂ ಹೋದರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನವೊಂದು ಅಡ್ಡ ಬಂತು. ದೇವಯ್ಯನವರ ಮಿಸ್ಟೇರ್ ಅದರ ಮುಂದೆ ನಿಧಾನದ ವಿಮಾನ. ಪೆಟ್ಟು ತಿಂದರೂ ಅವರು ತಿರುಗಿ ಬಿದ್ದು ಸ್ಟಾರ್‌ಫೈಟರ್ ಅನ್ನು ಉರುಳಿಸಿದರು. ಅವರು ಮರಳಲಿಲ್ಲ. ಏನಾಯಿತೆಂಬುದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ವರ್ಷಗಳ ನಂತರ ಬ್ರಿಟಿಷ್ ಲೇಖಕನೊಬ್ಬನ ಪುಸ್ತಕದಿಂದ ವಿಷಯ ಹೊರಬಿದ್ದು, 1988ರಲ್ಲಿ, ಅಂದರೆ 23 ವರ್ಷ ಕಳೆದ ಮೇಲೆ, ಮರಣೋತ್ತರ ಮಹಾವೀರ ಚಕ್ರ ಬಂತು. ಯುದ್ಧ ಶುರುವಾಗುವ ಹೊತ್ತಿಗೆ ದೇವಯ್ಯ ಮಾಡುತ್ತಿದ್ದ ಕೆಲಸವೇನು ಗೊತ್ತೇ? ವಾಯುಪಡೆಯ ಹಾರಾಟ ಕಾಲೇಜಿನಲ್ಲಿ ಮೇಷ್ಟ್ರು. ವಿಮಾನ ಹಳೆಯದಾದರೂ ಕಲಿಕೆ ಗಟ್ಟಿಯಾಗಿದ್ದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಸಿಕ್ಕಿಲ್ಲ.

ಕಲಿಕೆಯ ಮಾತು ನಮ್ಮನ್ನು ಮತ್ತೆ ಬೀದರಿಗೆ ತರುತ್ತದೆ. ಚೀನಾ ಯುದ್ಧದ ನಂತರ ವಾಯುಪಡೆಯನ್ನು ಹಿಗ್ಗಿಸುವ ಅವಸರದಲ್ಲಿ ಹೊಸ ಪೈಲಟ್ಟುಗಳು ದೊಡ್ಡ ಸಂಖ್ಯೆಯಲ್ಲಿ ಬೇಕಾದರು. 1963ರಿಂದ ಬೀದರ್ ತರಬೇತಿ ನೆಲೆಯಾಯಿತು. ಹದಿನೈದು ವರ್ಷದ ಹಿಂದೆ ಬಾಂಬು ಬಿದ್ದ ಊರಿನಲ್ಲಿ ಹುಡುಗರು ಹಾರಾಟದ ಓನಾಮ ಕಲಿಯತೊಡಗಿದರು. ಕಲಿಯುವ ವಿಮಾನಗಳೂ ಬೆಂಗಳೂರಿನವೇ. ವಿ.ಎಂ. ಘಾಟಗೆಯವರ ಮುಂದಾಳತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಮೊದಲು ಹಾರಿದ್ದು 1951ರಲ್ಲಿ, ಕಿರಣ್ ಜೆಟ್ ಹಾರಿದ್ದು 1964ರಲ್ಲಿ. 1996ರಲ್ಲಿ ಬೀದರಿನಲ್ಲಿ ಹುಟ್ಟಿದ ‘ಸೂರ್ಯಕಿರಣ’ ತಂಡದ ಹೆಸರಿನಲ್ಲಿರುವುದು ಇದೇ ಕಿರಣ. ಒಂಬತ್ತು ವಿಮಾನಗಳು ಒಂದಕ್ಕೊಂದು ತಾಗಿದಂತೆ ಹಾರುವುದನ್ನು ಬೀದರಿನವರು ಮಾಳಿಗೆ ಮೇಲೆ ನಿಂತೇ ನೋಡಿದ್ದಾರೆ. ಆ ಅಂದಕ್ಕೆ ತೆತ್ತ ಬೆಲೆಯೂ ಇದೆ. 2006 ಮತ್ತು 2009ರಲ್ಲಿ ತಂಡದ ಪೈಲಟ್ಟುಗಳು ಬೀದರ್ ಬಳಿಯೇ ಪ್ರಾಣ ಕಳೆದುಕೊಂಡರು.

ಆದರೆ ನಿಜವಾದ ಸಂಕಟ ಬೇರೆ ಕಡೆ ಇತ್ತು. ಕಿರಣ್ ನಿಧಾನದ, ಕ್ಷಮಿಸುವ ಸ್ವಭಾವದ ವಿಮಾನ. ಕಲಿಯುವವನು ತಪ್ಪು ಮಾಡಿದರೆ ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ಅದರಿಂದ ಇಳಿದ ಇಪ್ಪತ್ತೆರಡು–ಇಪ್ಪತ್ತಮೂರರ ಹುಡುಗ ಮುಂದೆ ಹತ್ತಬೇಕಾದದ್ದು ಮಿಗ್-21. ಶಬ್ದದ ಎರಡು ಪಟ್ಟು ವೇಗ. ನೆಲಕ್ಕಿಳಿಯುವಾಗಲೂ ಗಂಟೆಗೆ 300 ಕಿ.ಮೀ. ಆಸುಪಾಸು. ನಡುವೆ ಮೆಟ್ಟಿಲೇ ಇಲ್ಲ. ಹಳ್ಳಿಯ ರಸ್ತೆಯಲ್ಲಿ ಲೂನಾ ಓಡಿಸಿದವನಿಗೆ ಮರುದಿನ ಎಕ್ಸ್‌ಪ್ರೆಸ್ ಬಸ್ಸಿನ ಸ್ಟಿಯರಿಂಗ್ ಕೊಟ್ಟಂತೆ. ಈ ಮೆಟ್ಟಿಲು ಬೇಕು, ಅಂದರೆ ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕು ಎಂದು ಏರ್ ಮಾರ್ಷಲ್ ಲಾ ಫೊಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಬ್ರಿಟನ್ನಿನ ಹಾಕ್ ವಿಮಾನಕ್ಕೆ ಕರಾರು ಆದದ್ದು 2004ರ ಮಾರ್ಚಿನಲ್ಲಿ. ಒಟ್ಟು 66 ವಿಮಾನ. 24 ಅಲ್ಲಿಂದ ಸಿದ್ಧವಾಗಿ ಬರಬೇಕು, 42 ಎಚ್‌ಎಎಲ್‌ನಲ್ಲಿ ತಯಾರಾಗಬೇಕು. ಅವು ವಾಯುಪಡೆ ಸೇರಿದ್ದು 2008ರ ಫೆಬ್ರುವರಿಯಲ್ಲಿ, ಬೀದರಿನಲ್ಲಿ.

1982ರಿಂದ 2008. ಲೆಕ್ಕ ಹಾಕಿ: 26 ವರ್ಷ! ಕಡತಗಳು ಮೇಜಿನಿಂದ ಮೇಜಿಗೆ ಹೋಗುತ್ತಿದ್ದ ಆ ವರ್ಷಗಳಲ್ಲೇ ಮಿಗ್-21 ಅಪಘಾತಗಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ಎಲ್ಲ ಅಪಘಾತಕ್ಕೂ ತರಬೇತಿಯೇ ಕಾರಣವಲ್ಲ. ಎಂಜಿನ್, ಬಿಡಿಭಾಗ, ಹಕ್ಕಿಗಳು ಹೀಗೆ ಬೇರೆ ಕಾರಣಗಳೂ ಇದ್ದವು. ಆದರೂ ಆಧುನೀಕರಣ ಎಂದಾಗ ಪತ್ರಿಕೆಯವರಾದ ನಾವೂ ಬರೆದದ್ದು ಹೆಚ್ಚಾಗಿ ಮಿರಾಜ್, ಸುಖೋಯ್, ರಫೇಲ್‌ಗಳ ಬಗ್ಗೆ. ತರಬೇತಿ ವಿಮಾನದ ಫೋಟೋ ಮುಖಪುಟಕ್ಕೆ ಬರುವುದು ಅಪರೂಪ.

ಇಂದಿಗೂ ಲೆಕ್ಕ ಇಕ್ಕಟ್ಟಿನಲ್ಲೇ ಇದೆ. ವಾಯುಪಡೆಗೆ ಮಂಜೂರಾದ ಯುದ್ಧ ಸ್ಕ್ವಾಡ್ರನ್ನುಗಳು 42. 1963ರಲ್ಲಿ ಬಂದ ಮಿಗ್-21 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿಯಾದಾಗ ಉಳಿದದ್ದು 29. ತೇಜಸ್ ಮಾರ್ಕ್-1ಎ ವಿಮಾನಕ್ಕೆ 2021ರಲ್ಲಿ 83, 2025ರಲ್ಲಿ ಮತ್ತೆ 97 ಎಂದು ಎಚ್‌ಎಎಲ್‌ಗೆ ಆದೇಶ ಹೋಗಿದೆ. ಅಮೆರಿಕದಿಂದ ಎಂಜಿನ್ ಬರುವುದು ತಡವಾಗಿ ಕೆಲಸ ಹಿಂದೆ ಬಿದ್ದಿತು. ಮೊದಲ ಹಂತದ ಕಲಿಕೆಗೆ 70 ಎಚ್‌ಟಿಟಿ-40 ವಿಮಾನಗಳ ಕರಾರು 2023ರಲ್ಲಿ ಆಗಿದೆ. ಅದರ ಹಿಂದಿನ ದೀಪಕ್ ವಿಮಾನವನ್ನು 2009ರ ಅಪಘಾತದ ನಂತರ ನಿಲ್ಲಿಸಬೇಕಾಗಿ ಬಂದು, ಸ್ವಿಟ್ಜರ್ಲೆಂಡಿನ 75 ಪಿಲಾಟಸ್ ತರಿಸಿಕೊಳ್ಳಬೇಕಾಯಿತು. ಶಾಲೆಯ ಪಾಟಿ-ಬಳಪಕ್ಕೆ ಕಾಯುವುದು ಇಲ್ಲಿ ಹೊಸದೇನಲ್ಲ.

ಬೀದರಿನ ಆ ಮೆಟ್ಟಿಲು ಕಟ್ಟಿದ ಮೇಲೆ ಏನು ಬದಲಾಯಿತು ಎಂಬುದಕ್ಕೆ ಒಂದು ನೆನಪು. 2016ರ ಜೂನ್‌ನಲ್ಲಿ ಹೈದರಾಬಾದ್ ಬಳಿಯ ದುಂಡಿಗಲ್‌ನಿಂದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ದೇಶದ ಮೊದಲ ಯುದ್ಧವಿಮಾನ ಮಹಿಳಾ ಪೈಲಟ್ಟುಗಳಾಗಿ ಹೊರಬಂದರು. ಮುಂದಿನ ಕಲಿಕೆಗೆ ಅವರು ಬಂದದ್ದು ಬೀದರಿಗೆ, ಹಾಕ್ ವಿಮಾನಕ್ಕೆ. 2018ರ ಫೆಬ್ರುವರಿಯಲ್ಲಿ ಗುಜರಾತಿನ ಜಾಮ್‌ನಗರದಲ್ಲಿ ಅವನಿ ಒಬ್ಬರೇ ವಿಮಾನ ಹತ್ತಿ ಅರ್ಧ ಗಂಟೆಯಷ್ಟು ಹಾರಿ, ಸುಖವಾಗಿ ಇಳಿದರು. ಅವರು ಹಾರಿಸಿದ್ದು ಮಿಗ್-21.