ಸೂತ್ರದಿಂದ ಸಂಕೇತಕ್ಕೆ: ಬೈಸನ್ ಎಂಬ ಮುಕ್ತ ತಂತ್ರಾಂಶದ ಚರಿತ್ರೆ

ನಾವು ಮೂರು ದಶಕಗಳ ಕಾಲ ಶಾಲೆಯಲ್ಲಿ ಕನ್ನಡ ವ್ಯಾಕರಣವನ್ನು ಬೋಧಿಸಿದವರು. 'ಮನೆ' ಎಂಬ ಪದಕ್ಕೆ 'ಅನ್ನು' ಪ್ರತ್ಯಯ ಸೇರಿದಾಗ ಯಕಾರವು ಆಗಮವಾಗಿ 'ಮನೆಯನ್ನು' ಎಂದಾಗುತ್ತದೆ. 'ಗುರು' ಎಂಬ ಪದಕ್ಕೆ ಸೇರಿದಾಗ ವಕಾರವು ಬಂದು 'ಗುರುವನ್ನು' ಎಂದಾಗುತ್ತದೆ. ಒಂದೆರಡು ನಿಯಮಗಳನ್ನು ಅರಿತರೆ ಸಾವಿರಾರು ರೂಪಗಳು ತಾವಾಗಿಯೇ ಒದಗಿ ಬರುತ್ತವೆ. ವ್ಯಾಕರಣದ ಈ ಸೊಬಗು ಗಣಕಯಂತ್ರದ ಒಳಗೂ ಇದೆ ಎಂಬುದು ನಮಗೆ ತಿಳಿದದ್ದು ನಿವೃತ್ತಿಯ ಬಳಿಕ.

ಎಣ್ಮಕಜೆ ಪಂಚಾಯತಿನ ಕನ್ನಡ ಶಾಲೆಯೊಂದರಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಸಂಧಿ-ಸಮಾಸಗಳ ಪಾಠ ಹೇಳಲು ಒಮ್ಮೆ ನಮ್ಮನ್ನು ಕರೆದಿದ್ದರು. ಪಾಠ ಮುಗಿಸಿ ಕಂಪ್ಯೂಟರ್ ಕೋಣೆಯ ಬಾಗಿಲು ದಾಟುತ್ತಿದ್ದಾಗ ಬಾಲೆಯೊಬ್ಬಳು, "ಮಾಷ್ಟ್ರೇ, ಇದು ಏನು ಹೇಳ್ತದೆ ನೋಡಿ" ಎಂದು ಕರೆದಳು. ಅವಳು ಬರೆದ ಆಜ್ಞೆಯಲ್ಲಿ ಆವರಣ ಚಿಹ್ನೆಯೊಂದು ಸ್ಥಾನ ತಪ್ಪಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ 'ಸಿಂಟ್ಯಾಕ್ಸ್ ಎರರ್' ಎಂದಿತ್ತು. ಹಾಗೆಂದರೆ ವಾಕ್ಯರಚನೆಯ ದೋಷ ಎಂದೆವು. ಕೂಡಲೇ ಅವಳಿಂದ ಎರಡು ಪ್ರಶ್ನೆಗಳು ಬಂದವು: "ಇದಕ್ಕೆ ವ್ಯಾಕರಣ ಕಲಿಸಿದ್ದು ಯಾರು? ಇದು ಕನ್ನಡದಲ್ಲಿ ಯಾಕೆ ಹೇಳುವುದಿಲ್ಲ?" ನಮ್ಮಲ್ಲಿ ಉತ್ತರವಿರಲಿಲ್ಲ. ವಿಷಯವನ್ನು ಬಲ್ಲ ಕಿರಿಯ ಮಿತ್ರರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಗಣಕಯಂತ್ರವು ಬಲ್ಲದ್ದು ಅಂಕಿಗಳ ಸಂಕೇತವನ್ನು ಮಾತ್ರ. ಮನುಷ್ಯನು ಓದಬಲ್ಲ ರೀತಿಯಲ್ಲಿ ಬರೆದ ಆಜ್ಞೆಯನ್ನು ಆ ಸಂಕೇತಕ್ಕೆ ಪರಿವರ್ತಿಸುವ ತಂತ್ರಾಂಶಕ್ಕೆ ಕಂಪೈಲರ್ ಎಂದು ಹೆಸರು. 1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಫೋರ್ಟ್ರಾನ್ ಎಂಬ ಭಾಷೆಗೆ ಇಂತಹ ಕಂಪೈಲರನ್ನು ಸಿದ್ಧಪಡಿಸಿದರು. ಮುಂದೆ ಆಲ್ಗಾಲ್ ಎಂಬ ಭಾಷೆಯ ವ್ಯಾಕರಣವನ್ನು ಚಿಕ್ಕ ಚಿಕ್ಕ ಸೂತ್ರಗಳಲ್ಲಿ ಬರೆಯುವ ಪದ್ಧತಿ ರೂಪುಗೊಂಡಿತು. ಬ್ಯಾಕಸ್ ಮತ್ತು ಪೀಟರ್ ನೌರ್ ಇವರಿಬ್ಬರ ಹೆಸರಿನಿಂದ ಆ ಪದ್ಧತಿ ಪ್ರಸಿದ್ಧವಾಯಿತು. ಇಂತಹ ಸೂತ್ರಪದ್ಧತಿಯನ್ನು ಪಾಣಿನಿಯು ಬಹು ಹಿಂದೆಯೇ ಬಳಸಿದ್ದನೆಂದೂ, ಆದುದರಿಂದ ಇದಕ್ಕೆ ಪಾಣಿನಿಯ ಹೆಸರೂ ಸೇರಬೇಕೆಂದೂ 1967ರಲ್ಲಿ ಇಂಗರ್ಮನ್ ಎಂಬ ವಿದ್ವಾಂಸರು ಗಣಕಶಾಸ್ತ್ರದ ಪತ್ರಿಕೆಯೊಂದರಲ್ಲಿ ಸೂಚಿಸಿದರು. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದ ಕೇಶಿರಾಜನನ್ನು ಓದಿದ ನಮಗೆ ಈ ಮಾತು ಪರಕೀಯವೆನಿಸಲಿಲ್ಲ.

ಸೂತ್ರಗಳೇನೋ ಸಿದ್ಧವಾದವು. ಆದರೆ ಬರೆದ ವಾಕ್ಯವು ಅವುಗಳಿಗೆ ಒಪ್ಪುತ್ತದೆಯೇ ಎಂದು ಬಿಡಿಸಿ ನೋಡುವ ತಂತ್ರಾಂಶವನ್ನು ಪ್ರತಿಯೊಂದು ಭಾಷೆಗೂ ಕೈಯಿಂದಲೇ ಬರೆಯಬೇಕಾಗಿತ್ತು. ಅದು ಬಹು ಶ್ರಮದ ಕೆಲಸ. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಇದಕ್ಕೊಂದು ಉಪಾಯವನ್ನು ಕಂಡರು. ವ್ಯಾಕರಣದ ಸೂತ್ರಗಳನ್ನು ಕೊಟ್ಟರೆ, ವಾಕ್ಯವನ್ನು ಬಿಡಿಸುವ ತಂತ್ರಾಂಶವನ್ನು ತಾನೇ ಬರೆದುಕೊಡುವ ಸಾಧನ ಅದು. ಸಂಕೇತವನ್ನು ಬರೆಯುವ ಸಂಕೇತ ಎನ್ನೋಣ. 'ಇಂತಹುದು ಇನ್ನೂ ಒಂದು' ಎಂಬರ್ಥದ ವಿನೋದದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ಯಾಕ್' ಎಂದು ಕರೆದರು. ಉಚ್ಚಾರಣೆಯಲ್ಲಿ ಇದು ಚಮರೀಮೃಗದ ಇಂಗ್ಲಿಷ್ ಹೆಸರೂ ಹೌದು. ಆದರೆ ಇದು ಸಂಸ್ಥೆಯ ಸೊತ್ತಾಗಿತ್ತು. ಅದರ ಮೂಲ ಬರಹವು ಪರವಾನಗಿ ಇದ್ದವರಿಗೆ ಮಾತ್ರ ಲಭ್ಯವಾಗಿತ್ತು.

ತಂತ್ರಾಂಶವನ್ನು ಬಳಸುವ, ಅಭ್ಯಸಿಸುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂದು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು 'ಗ್ನೂ' ಯೋಜನೆಯನ್ನು ಘೋಷಿಸಿದರು. 1985ರ ಸುಮಾರಿಗೆ ರಾಬರ್ಟ್ ಕಾರ್ಬೆಟ್ ಎಂಬವರು ಯಾಕ್ ಮಾಡುವ ಕೆಲಸವನ್ನೇ ಮಾಡುವ ಇನ್ನೊಂದು ಸಾಧನವನ್ನು ಬರೆದರು. ಯಾಕ್‌ಗಾಗಿ ಬರೆದ ಸೂತ್ರಗಳು ಇದರಲ್ಲಿಯೂ ನಡೆಯುವಂತೆ ಸ್ಟಾಲ್ಮನ್ ಅದನ್ನು ಹೊಂದಿಸಿದರು. ಇದುವೇ 'ಬೈಸನ್'. ಯಾಕ್ ಚಮರೀಮೃಗವಾದರೆ ಇದು ನಮ್ಮ ಕಾಡಿನ ಕಾಟಿಯ ದೂರದ ನೆಂಟ.

ಮುಂದಿನದು ಅನೇಕರು ಕೂಡಿ ಕಟ್ಟಿದ ಕಥೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ವಿಲ್ಫ್ರೆಡ್ ಹ್ಯಾನ್ಸನ್ ಹೊಸ ಸೌಕರ್ಯಗಳನ್ನು ಸೇರಿಸಿದರು. 'ಹಳೆಯ ಮನೆಯ ಬಾಗಿಲು' ಎಂದಾಗ ಹಳೆಯದು ಮನೆಯೋ ಬಾಗಿಲೋ? ಇಂತಹ ಸಂದಿಗ್ಧ ಒದಗಿದಾಗ ಎರಡು ಅನ್ವಯಗಳನ್ನೂ ಕೈಯಲ್ಲಿಟ್ಟುಕೊಂಡು ಮುಂದಿನ ಪದಗಳನ್ನು ನೋಡುವ ಕ್ರಮವನ್ನು ಅಳವಡಿಸಿದವರು ಪಾಲ್ ಹಿಲ್ಫಿಂಗರ್. ಮೊದಲು 'ಸಿ' ಭಾಷೆಯಲ್ಲಿ ಮಾತ್ರ ಬರೆದುಕೊಡುತ್ತಿದ್ದ ಬೈಸನ್ ಕ್ರಮೇಣ 'ಸಿ ಪ್ಲಸ್ ಪ್ಲಸ್' ಭಾಷೆಯಲ್ಲಿಯೂ, 2008ರಲ್ಲಿ 'ಜಾವಾ'ದಲ್ಲಿಯೂ, 2021ರಲ್ಲಿ 'ಡಿ' ಎಂಬ ಭಾಷೆಯಲ್ಲಿಯೂ ಬರೆಯಲು ಕಲಿತಿತು.

ಇದರ ನಡುವೆ ಧರ್ಮಸೂಕ್ಷ್ಮವೊಂದು ತಲೆದೋರಿತು. ಸಾಧನವು ಬರೆದುಕೊಟ್ಟದ್ದು ಯಾರ ಸೊತ್ತು? ಕಚೇರಿಯಲ್ಲಿ ಅಚ್ಚಾದ ಅರ್ಜಿ ನಮೂನೆಯನ್ನು ಭರ್ತಿ ಮಾಡುವಂತೆ, ಬೈಸನ್ ತನ್ನದೇ ಬರಹದ ಒಂದು ಚೌಕಟ್ಟಿನಲ್ಲಿ ನಮ್ಮ ಸೂತ್ರಗಳ ಫಲವನ್ನು ತುಂಬಿಸಿ ಕೊಡುತ್ತದೆ. ಚೌಕಟ್ಟು ಬೈಸನ್ನಿನದಾದುದರಿಂದ, ಅದು ಬರೆದುಕೊಟ್ಟದ್ದನ್ನು ಮುಕ್ತ ತಂತ್ರಾಂಶಗಳಲ್ಲಿ ಮಾತ್ರ ಬಳಸಬಹುದೆಂಬ ನಿಬಂಧನೆ ಆರಂಭದಲ್ಲಿತ್ತು. 1.24ನೆಯ ಆವೃತ್ತಿಯಲ್ಲಿ 'ಸಿ' ಭಾಷೆಯ ಸಾಮಾನ್ಯ ಬಗೆಯ ಫಲಿತಕ್ಕೆ ವಿನಾಯಿತಿ ದೊರಕಿತು, 2006ರ 2.2ನೆಯ ಆವೃತ್ತಿಯಲ್ಲಿ ವಿನಾಯಿತಿ ಇನ್ನಷ್ಟು ವಿಸ್ತಾರವಾಯಿತು. ಸಾಧನವು ಎಲ್ಲರದು, ಅದರಿಂದ ದುಡಿಸಿಕೊಂಡ ಫಲವು ದುಡಿಸಿಕೊಂಡವರದು ಎಂಬ ನ್ಯಾಯ ಹೀಗೆ ನೆಲೆಗೊಂಡಿತು.

ಬೈಸನ್ ಎಲ್ಲೆಡೆಯೂ ಉಳಿಯಿತೆಂದಲ್ಲ. ಗ್ನೂ ಯೋಜನೆಯ ಸ್ವಂತ ಕಂಪೈಲರಾದ ಜಿಸಿಸಿಯೇ 2004 ಮತ್ತು 2006ರಲ್ಲಿ ಇದನ್ನು ಬಿಟ್ಟು, ತನ್ನ ಎರಡು ಮುಖ್ಯ ಭಾಷೆಗಳಿಗೆ ಕೈಬರಹದ ವಿಧಾನವನ್ನು ಹಿಡಿಯಿತು. ಆದರೂ ಗ್ನೂ-ಲಿನಕ್ಸ್ ಯಂತ್ರಗಳಲ್ಲಿ ನಮ್ಮ ಆಜ್ಞೆಗಳನ್ನು ಓದುವ 'ಬ್ಯಾಶ್' ತಂತ್ರಾಂಶವು ವಾಕ್ಯವನ್ನು ಬಿಡಿಸುವುದು ಬೈಸನ್ ಬರೆದುಕೊಟ್ಟ ಸಂಕೇತದಿಂದಲೇ. ಆ ಬಾಲೆಯ ಮೊದಲ ಪ್ರಶ್ನೆಗೆ ಇದುವೇ ಉತ್ತರ. ಅವಳ ಯಂತ್ರಕ್ಕೆ ವ್ಯಾಕರಣ ಕಲಿಸಿದವನು ಒಬ್ಬನಲ್ಲ. ಯಾರ ಅಪ್ಪಣೆಗೂ ಕಾಯದೆ ಒಬ್ಬರ ಕೆಲಸವನ್ನು ಮತ್ತೊಬ್ಬರು ಮುಂದುವರಿಸಿದ ಒಂದು ಪರಂಪರೆ.

ಇದು ಎಣ್ಮಕಜೆಯ ತನಕ ಬಂದ ದಾರಿಯೂ ಸ್ಮರಣೀಯ. 2001ರಲ್ಲಿ ತಿರುವನಂತಪುರದಲ್ಲಿ ಸ್ಟಾಲ್ಮನ್ ಅವರ ಉಪಸ್ಥಿತಿಯಲ್ಲಿ ಮುಕ್ತ ತಂತ್ರಾಂಶ ಪ್ರತಿಷ್ಠಾನದ ಭಾರತೀಯ ಶಾಖೆ ಆರಂಭವಾಯಿತು. ಕೇರಳದ ಶಾಲೆಗಳಿಗೆ ಗಣಕ ಶಿಕ್ಷಣವನ್ನು ತಂದ ಐಟಿ@ಸ್ಕೂಲ್ ಯೋಜನೆ ಆರಂಭವಾದದ್ದೂ ಅದೇ ವರ್ಷ. ಆ ಯೋಜನೆ ಮುಂದೆ ಮುಕ್ತ ತಂತ್ರಾಂಶವನ್ನು ನೆಚ್ಚಿತು. 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾಯಿತು. ಹೀಗೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಕೈಗೂ ಗ್ನೂ-ಲಿನಕ್ಸ್ ಬಂದಿತು.

ಇನ್ನು ಎರಡನೆಯ ಪ್ರಶ್ನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಪಠ್ಯಪುಸ್ತಕಕ್ಕಾಗಿ, ಅಧ್ಯಾಪಕರಿಗಾಗಿ, ಕಚೇರಿಯ ಕನ್ನಡ ನಮೂನೆಗಾಗಿ ಮನವಿ ಸಲ್ಲಿಸುತ್ತಲೇ ಬಂದಿದ್ದೇವೆ. ಆ ಮನವಿಗಳು ನ್ಯಾಯವಾದವು, ಅವು ಮುಂದುವರಿಯಲೇಬೇಕು. ಆದರೆ ಇಲ್ಲಿ ಮನವಿಯ ಅಗತ್ಯವೇ ಇಲ್ಲ. ಗ್ನೂ ತಂತ್ರಾಂಶಗಳು ಪರದೆಯ ಮೇಲೆ ತೋರಿಸುವ ಮಾತುಗಳನ್ನು ಬೇರೆ ಬೇರೆ ಭಾಷೆಗಳಿಗೆ ಅನುವಾದಿಸಲು ಪ್ರತ್ಯೇಕ ಕಡತಗಳ ವ್ಯವಸ್ಥೆಯಿದೆ. ಆ ಕೆಲಸವನ್ನು ಮಾಡುವವರು ಸ್ವಯಂಸೇವಕರು. ಜನಸಂಖ್ಯೆ ಎಷ್ಟು, ಲಾಭ ಎಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬೇಕಾದುದು ಕನ್ನಡವನ್ನೂ ಗಣಕವನ್ನೂ ಬಲ್ಲ ಕೈಗಳು ಮಾತ್ರ.

ಅಂತಹ ಕೈಗಳು ವಿರಳವಾಗಿದ್ದರೆ ಅದರಲ್ಲಿ ನಮ್ಮ ಪಾಲಿನ ತಪ್ಪೂ ಇದೆ. ಗಣಿತದಲ್ಲಿ ಚುರುಕಾಗಿದ್ದ ಎಷ್ಟೋ ಮಕ್ಕಳಿಗೆ, "ವ್ಯಾಕರಣವೆಂದರೆ ಪರೀಕ್ಷೆಯ ಅಂಕಕ್ಕೆ, ಅಷ್ಟು ಕಲಿತರೆ ಸಾಕು" ಎಂದು ನಾವೇ ಹೇಳಿದ್ದುಂಟು. ಸೂತ್ರದಿಂದ ರೂಪವನ್ನು ಸಾಧಿಸುವ ವಿದ್ಯೆಯೇ ಗಣಕದ ತಳಹದಿಯೂ ಆಗಿದೆ ಎಂದು ಅಂದು ತಿಳಿದಿದ್ದರೆ ಬೇರೆ ಮಾತು ಹೇಳುತ್ತಿದ್ದೆವು. ಈ ಸಮ್ಮೇಳನಕ್ಕೆ ಬಂದಿರುವ ತರುಣರಲ್ಲಿ ತಂತ್ರಜ್ಞರು ಹಲವರಿದ್ದಾರೆ. ಅವರು ನಮ್ಮ ಶಾಲೆಗಳ ಕನ್ನಡ ಅಧ್ಯಾಪಕರೊಡನೆ ಕುಳಿತು ಈ ಕೆಲಸಕ್ಕೆ ಕೈಹಚ್ಚಲಿ ಎಂಬುದು ನಮ್ಮ ವಿನಂತಿ.

ಕೆಲವು ವಾರಗಳ ಬಳಿಕ ನಾವು ಮತ್ತೆ ಆ ಶಾಲೆಗೆ ಹೋಗಿ ಬಾಲೆಗೆ ಇದನ್ನೆಲ್ಲ ತಿಳಿಸಿದೆವು. ಅವಳು ನೋಟ್ ಪುಸ್ತಕ ತೆರೆದು ಪರದೆಯ ಸಂದೇಶಗಳನ್ನು ಒಂದೊಂದಾಗಿ ಬರೆದುಕೊಂಡಳು. ಮೊದಲನೆಯದಕ್ಕೆ ನಾವು 'ವಾಕ್ಯರಚನೆಯ ದೋಷ' ಎಂದು ಹೇಳಿಕೊಟ್ಟೆವು. ಅವಳು ಸ್ವಲ್ಪ ಯೋಚಿಸಿ, "ಮಾಷ್ಟ್ರೇ, 'ವಾಕ್ಯ ಸರಿಯಿಲ್ಲ' ಅಂದರೆ ಸಾಲದೋ?" ಎಂದಳು. ಸಾಕು ಎಂದೆವು; ಹಾಗೆಯೇ ಬರೆದಳು.