ಕೋಲಾರದ ವೈರಸ್ಸು, ಕೋಲಾರದ ಲಸಿಕೆ

ಚೆನ್ನೈ ಸೆಂಟ್ರಲ್‌ನಲ್ಲಿ ಬೆಂಗಳೂರಿನ ರೈಲು ಹತ್ತಿದವರಿಗೆಲ್ಲ ಕಾಟ್ಪಾಡಿ, ಬಂಗಾರಪೇಟೆ ಗೊತ್ತು. ಒಂದು ವೆಲ್ಲೂರಿನ ಸ್ಟೇಷನ್ನು, ಇನ್ನೊಂದು ಕೋಲಾರ ಜಿಲ್ಲೆಯದು. ಮಿದುಳು ಜ್ವರದ ಚರಿತ್ರೆಯಲ್ಲೂ ಇವು ಹೀಗೇ ಒಂದಾದ ಮೇಲೊಂದು ಬರುತ್ತವೆ.

ಜಪಾನೀಸ್ ಎನ್ಸೆಫಲೈಟಿಸ್ ಅನ್ನೋ ಹೆಸರು ಕೇಳಿ ಇದು ಎಲ್ಲೋ ದೂರದ್ದು ಅಂದುಕೊಳ್ಳಬೇಡಿ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1955ರಲ್ಲಿ, ಆಗಿನ ಮದ್ರಾಸ್ ರಾಜ್ಯದ ವೆಲ್ಲೂರಿನ ಕಡೆ. ವೈರಸ್ಸು ಬೆಳೆಯೋದು ಹಂದಿ, ಕೊಕ್ಕರೆಗಳಲ್ಲಿ. ಹೊತ್ತು ತರೋದು ಭತ್ತದ ಗದ್ದೆಯ ಕ್ಯೂಲೆಕ್ಸ್ ಸೊಳ್ಳೆ. ಕಚ್ಚಿಸಿಕೊಂಡ ಹೆಚ್ಚಿನವರಿಗೆ ಏನೂ ಆಗೋದಿಲ್ಲ. ಮಿದುಳಿಗೆ ಏರಿತೋ, ಜ್ವರ, ಫಿಟ್ಸು, ಎಚ್ಚರ ತಪ್ಪೋದು. ಬದುಕಿ ಉಳಿದ ಎಷ್ಟೋ ಮಕ್ಕಳಿಗೆ ಮಾತು, ಕೈಕಾಲು ಮೊದಲಿನ ಹಾಗೆ ಬರಲಿಲ್ಲ. ವೈರಸ್ಸನ್ನೇ ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ.

1970ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆಯಲ್ಲಿ ಇದು ಜೋರಾಗಿ ಹಬ್ಬಿತು. ಕೆರೆಗಳ ಜಿಲ್ಲೆ, ಕೆರೆ ಕೆಳಗೆ ಗದ್ದೆ. ಸೊಳ್ಳೆಗೆ ಇನ್ನೇನು ಬೇಕು? 80ರ ದಶಕದ ಮೊದಲಲ್ಲಿ ಅಲ್ಲಿ ಬೇರ್ಪಡಿಸಿದ ಒಂದು ತಳಿಗೆ 821564ಎಕ್ಸ್‌ವೈ ಅಂತ ನಂಬರು ಕೊಟ್ಟಿಟ್ಟರು. ಆಗ ನಮ್ಮಲ್ಲಿದ್ದ ಲಸಿಕೆ ಕಸೌಲಿಯಲ್ಲಿ ಇಲಿಯ ಮಿದುಳಿನಿಂದ ತಯಾರಾಗುತ್ತಿದ್ದದ್ದು, ತಳಿ ಜಪಾನಿನದು. 2005ರಲ್ಲಿ ಉತ್ತರ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳೇ, ಸತ್ತ ಮೇಲೆ ಚೀನಾದಿಂದ ಲಸಿಕೆ ತರಿಸಿದರು. ಕೋಲಾರದ ತಳಿಯಿಂದಲೇ ಭಾರತ್ ಬಯೋಟೆಕ್ ತಯಾರಿಸಿದ ಜೆನ್ವ್ಯಾಕ್ ಬಂದದ್ದು 2013ರಲ್ಲಿ. ಮೂವತ್ತು ವರ್ಷ ಆ ನಂಬರು ಸುಮ್ಮನೆ ಕಾದಿತ್ತು ಅನ್ನಿ.